ಒಂದರ ಒಡಲು, ಇನ್ನೊಂದರ ಕಣ್ಣು

ಮೈಸೂರಿನ ಪಶ್ಚಿಮಕ್ಕೆ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆ ಹಬ್ಬಿದೆ. ಕಾವೇರಿಯ ಗದ್ದೆಬಯಲಿನಿಂದ ಹೊಗೆಸೊಪ್ಪಿನ ಹೊಲಗಳಿಗೆ, ಅಲ್ಲಿಂದ ಆನೆಗಳ ಕಾಡಿಗೆ, ಒಂದೇ ದಿನದ ಪ್ರಯಾಣದಲ್ಲಿ ನೆಲದ ಬಣ್ಣ ಮೂರು ಬಾರಿ ಬದಲಾಗುವುದನ್ನು ಇಲ್ಲಿ ಕಾಣಬಹುದು. ರಜೆಯಲ್ಲಿ ಸಂಸಾರಸಮೇತ ಇತ್ತ ಹೊರಡುವವರ ಹೆಗಲಲ್ಲಿ ಕ್ಯಾಮರಾ ತೂಗುತ್ತಿರುವುದೇನೂ ಸೋಜಿಗವಲ್ಲ. ಸೋಜಿಗವೆಂದರೆ, ಅಂಥ ಕೆಲವು ಕ್ಯಾಮರಾಗಳ ಒಡಲ ಮೇಲೆ ಒಂದು ಕಂಪನಿಯ ಹೆಸರು, ಮುಂದೆ ಚಾಚಿದ ಲೆನ್ಸಿನ ಮೇಲೆ ಮತ್ತೊಂದು ಕಂಪನಿಯ ಹೆಸರು ಇರುವುದು. ಒಡಲು ಜಪಾನಿನದು, ಹೊಚ್ಚಹೊಸದು. ಕಣ್ಣು ಜರ್ಮನಿಯದೋ ರಷ್ಯದ್ದೋ, ಅರ್ಧ ಶತಮಾನದಷ್ಟು ಹಳೆಯದು.

ಇದು ಬರಿಯ ಶೋಕಿಯಲ್ಲ. ಕಾಡಿನೊಳಗೆ ವಾಹನದಿಂದ ಕೆಳಗಿಳಿಯುವಂತಿಲ್ಲ. ಆನೆಗೂ ನೋಡುವವನಿಗೂ ನಡುವೆ ಇರುವ ದೂರವನ್ನು ಕಾಲು ತಗ್ಗಿಸಲಾರದು, ಲೆನ್ಸೇ ತಗ್ಗಿಸಬೇಕು. ಆ ಕೆಲಸಕ್ಕೆ ತಕ್ಕ ಒಳ್ಳೆಯ ಹೊಸ ಲೆನ್ಸುಗಳ ಬೆಲೆಯೋ, ಲಕ್ಷಗಳ ಲೆಕ್ಕದ್ದು. ತಿಂಗಳ ಸಂಬಳದಲ್ಲಿ ಮನೆವಾರ್ತೆ ನಡೆಸುವವನು ಅಂಗಡಿಯ ಗಾಜಿನ ಆಚೆಯಿಂದಲೇ ಅವನ್ನು ನೋಡಿ ತೃಪ್ತನಾಗಬೇಕು. ಆದರೆ ತಂದೆಯ ಕಾಲದ ಕ್ಯಾಮರಾ ಕೆಟ್ಟು ಮೂಲೆ ಸೇರಿದ್ದರೂ ಅದರ ಲೆನ್ಸಿನ ಗಾಜು ಇನ್ನೂ ತಿಳಿಯಾಗಿಯೇ ಇರುವುದುಂಟು. ಒಡಲಿಗೆ ಮುಪ್ಪು ಬೇಗ, ಕಣ್ಣಿಗೆ ತಡ. ಮನುಷ್ಯರಲ್ಲಿ ಇರುವುದಕ್ಕೆ ತಿರುಗುಮುರುಗಾದ ಈ ನಿಯಮವೇ ಮಧ್ಯಮವರ್ಗದ ಛಾಯಾಗ್ರಾಹಕನಿಗೆ ವರವಾಗಿದೆ.

ಒಂದರ ಕಣ್ಣನ್ನು ಇನ್ನೊಂದಕ್ಕೆ ಕೂಡಿಸುವುದು ಮಾತ್ರ ಅಂದುಕೊಂಡಷ್ಟು ಸುಲಭವಲ್ಲ. ಲೆನ್ಸು ಕೂರುವ ಉಂಗುರದಿಂದ ಒಳಗಿನ ಫಿಲ್ಮಿನ ತನಕ, ಈಗಿನ ಕ್ಯಾಮರಾಗಳಲ್ಲಿ ಫಿಲ್ಮಿನ ಬದಲಿಗಿರುವ ಸೆನ್ಸರಿನ ತನಕ, ಪ್ರತಿ ಕಂಪನಿಯೂ ಒಂದು ನಿಶ್ಚಿತ ದೂರವನ್ನು ಇರಿಸಿಕೊಂಡಿದೆ. 1959ರಲ್ಲಿ ಬಂದ ನಿಕಾನ್ ಎಫ್ ಪದ್ಧತಿಯಲ್ಲಿ ಅದು 46.5 ಮಿಲಿಮೀಟರು. ಲೈಕಾ ಆರ್ ಪದ್ಧತಿಯಲ್ಲಿ 47. ಪೂರ್ವ ಜರ್ಮನಿಯ ಪ್ರಾಕ್ಟಿಕಾ, ಸೋವಿಯತ್ ದೇಶದ ಜೆನಿಟ್, ಜಪಾನಿನ ಹಳೆಯ ಪೆಂಟಾಕ್ಸ್‌ಗಳು ಬಳಸುತ್ತಿದ್ದ 42 ಮಿಲಿಮೀಟರು ಅಗಲದ ತಿರುಪಿನ ಲೆನ್ಸುಗಳಿಗೆ 45.46. ಕೆನಾನಿನ ಇಎಫ್ ಕ್ಯಾಮರಾಗಳಿಗೆ 44. ತಿರುಪಿನ ಲೆನ್ಸನ್ನು ಕೆನಾನಿಗೆ ಹಾಕುವವನಿಗೆ ಒಂದೂವರೆ ಮಿಲಿಮೀಟರಿನಷ್ಟು ಎಡೆ ಸಿಗುತ್ತದೆ. ಅಷ್ಟು ದಪ್ಪದ ಉಂಗುರವೊಂದನ್ನು ನಡುವೆ ಇಟ್ಟರೆ ಸಂಬಂಧ ಕುದುರಿತು. ಅದೇ ಲೆನ್ಸನ್ನು ನಿಕಾನಿಗೆ ಹಾಕಿದರೆ ಅದು ಫಿಲ್ಮಿನಿಂದ ಒಂದು ಮಿಲಿಮೀಟರಿನಷ್ಟು ಹೆಚ್ಚು ದೂರ ಕೂರುತ್ತದೆ. ಆಗ ಹತ್ತಿರದ ವಸ್ತು ಸ್ಪಷ್ಟ, ದೂರದ್ದೆಲ್ಲ ಮಸುಕು. ಕಣ್ಣಿಗೆ ಸಮೀಪದೃಷ್ಟಿ ಬಂದಂತೆಯೇ ಸರಿ.

ಈ ಪರೀಕ್ಷೆಗೆ ಪ್ರಯಾಣದ ಮೊದಲ ತಂಗುದಾಣವೇ ತಕ್ಕ ಜಾಗ. 1924ರ ಕಾವೇರಿಯ ಮಹಾಪೂರದಿಂದ ನೊಂದ ಎಡತೊರೆಯ ಜನರಿಗಾಗಿ ಎತ್ತರದ ನೆಲದಲ್ಲಿ ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟ ಊರು ಕೃಷ್ಣರಾಜನಗರ. ಅಲ್ಲಿಂದ ಮುಂದೆ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ದಡದಲ್ಲಿ ಶ್ರೀರಾಮನ ದೇವಾಲಯ. ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ. ಮಳೆಗಾಲದಲ್ಲಿ ಜಲಪಾತಕ್ಕೆ ಎದುರಾಗಿ ನಿಂತು ಲೆನ್ಸಿನ ಉಂಗುರವನ್ನು ಕೊನೆಯ ತನಕ, ಮಲಗಿಸಿದ ಎಂಟರಂತಿರುವ ಅನಂತದ ಗುರುತಿನ ತನಕ, ತಿರುಗಿಸಬೇಕು. ನೀರಿನ ಎಳೆಗಳು ಬಿಡಿಬಿಡಿಯಾಗಿ ಕಂಡರೆ ಜೋಡಣೆ ಸರಿ. ಕಾಲ ಬುಡದ ಹುಲ್ಲು ನಿಚ್ಚಳವಾಗಿದ್ದು ಜಲಪಾತ ಹಿಂಜಿದ ಅರಳೆಯಂತೆ ಕಂಡರೆ, ಕಾಡಿನ ತನಕ ಆ ಲೆನ್ಸನ್ನು ಹೊತ್ತು ದಣಿಯುವ ಅಗತ್ಯವಿಲ್ಲ.

ಹುಣಸೂರಿನಲ್ಲಿ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳ ಸಾಲನ್ನು ನೋಡುತ್ತ, ಮಡಿಕೇರಿಯ ಹೆದ್ದಾರಿಯಲ್ಲಿ ಪಿರಿಯಾಪಟ್ಟಣವನ್ನು ದಾಟಿದರೆ ಬೈಲಕುಪ್ಪೆ. 1961ರಿಂದ ಇಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿ, ಜೋಳ ಬೆಳೆದು, ಮಠಗಳನ್ನು ಕಟ್ಟಿಕೊಂಡಿದ್ದಾರೆ. ನಾಮ್‌ಡ್ರೋಲಿಂಗ್ ಮಠದ ಮಂದಿರದೊಳಗೆ ಹೊನ್ನಿನ ಬಣ್ಣದ ಮೂರು ಮಹಾಮೂರ್ತಿಗಳ ಮುಂದೆ ನಿಂತಾಗ ಬೇಕಾದುದು ದೂರದ ಲೆನ್ಸಲ್ಲ, ಮಬ್ಬು ಬೆಳಕನ್ನು ಹೀರುವ ಲೆನ್ಸು. ಜೆನಿಟ್ ಕ್ಯಾಮರಾದೊಡನೆ ಬರುತ್ತಿದ್ದ ಹೆಲಿಯೋಸ್, 58 ಮಿಲಿಮೀಟರು ನಾಭಿದೂರದ್ದು, ಇಲ್ಲಿ ತನ್ನ ಬೆಲೆಗೆ ಮೀರಿದ ಕೆಲಸ ಮಾಡುತ್ತದೆ. ಅದು ಜರ್ಮನಿಯ ಜೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನೇ ಅನುಸರಿಸಿ ರಷ್ಯದಲ್ಲಿ ತಯಾರಾದದ್ದು. ತನ್ನ ನೆಲ ಬಿಟ್ಟು ಬಂದವರ ಊರಿನಲ್ಲಿ ಅದು ಪರಕೀಯವೆನಿಸದು.

ಹುಣಸೂರಿಗೆ ಹಿಂತಿರುಗಿ ದಕ್ಷಿಣದ ಹಾದಿ ಹಿಡಿದರೆ ಹೆಗ್ಗಡದೇವನಕೋಟೆ. ಆಚೆಗೆ ಕಬಿನಿಯ ಹಿನ್ನೀರು, ನಾಗರಹೊಳೆಯ ಕಾಡು. ಅನ್ಯ ಲೆನ್ಸಿನ ನಿಜವಾದ ಸತ್ವಪರೀಕ್ಷೆ ಇಲ್ಲಿ.

ಈ ಜೋಡಣೆಯ ವಿದ್ಯೆ ಹೊಸತೇನೂ ಅಲ್ಲ. ದಕ್ಷಿಣದ ಕಾಡುಗಳ ಆನೆಗಳನ್ನು ಬಾಳಿಡೀ ಕಪ್ಪುಬಿಳುಪಿನಲ್ಲೇ ಸೆರೆಹಿಡಿದ ಮದರಾಸಿನ ಎಂ. ಕೃಷ್ಣನ್ (1912–1996) ಇದರಲ್ಲಿ ಹಿರಿಯರು. ಕನ್ನಡ ನಾಡಿಗೆ ಅವರು ಅಪರಿಚಿತರಲ್ಲ. 1940ರ ದಶಕದಲ್ಲಿ ಹಲವು ವರ್ಷ ಸಂಡೂರು ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದವರು. ಒಂದು ತಯಾರಿಕೆಯ ಕ್ಯಾಮರಾ, ಇನ್ನೊಂದು ತಯಾರಿಕೆಯ ದೂರದ ಲೆನ್ಸು, ಎಲ್ಲೆಲ್ಲಿಯವೋ ಬಿಡಿಭಾಗಗಳು, ಇಷ್ಟನ್ನೂ ತಮ್ಮ ಕೈಯಾರೆ ಒಂದುಗೂಡಿಸಿ ಅವರು ಮಾಡಿಕೊಂಡಿದ್ದ ಭಾರಿ ಯಂತ್ರಕ್ಕೆ ‘ಸೂಪರ್ ಪಾಂಡೆರೋಸಾ’ ಎಂದು ಹೆಸರಿಟ್ಟಿದ್ದರು. ಅಸ್ಸಾಮಿನ ಚಹಾ ತೋಟಗಾರರೂ ಪ್ರಕೃತಿಜ್ಞರೂ ಆಗಿದ್ದ ಇ.ಪಿ. ಜೀ ಆ ಯಂತ್ರವನ್ನು ಕಂಡು, ಇದನ್ನು ಕಟ್ಟಿ ನಿಲ್ಲಿಸಲು ತಂತಿಯ ತುಂಡುಗಳೂ ಬಳಕೆಯಾಗಿರಬೇಕೆಂದು ಹಾಸ್ಯ ಮಾಡಿದ್ದಾರೆ. ಹಾಸ್ಯ ಹಾಗಿರಲಿ, ಆ ಯಂತ್ರದಿಂದ ಬಂದ ಆನೆಯ ಚಿತ್ರಗಳನ್ನು ನೋಡಿದವರು ತಂತಿಯನ್ನು ನೆನೆಯುವುದಿಲ್ಲ.

ಕೃಷ್ಣನ್ನರ ಕಾಲದ ಕಷ್ಟ ಇಂದು ಬಹುಪಾಲು ಕಳೆದಿದೆ. ಹಿಂದಿನ ಕ್ಯಾಮರಾದೊಳಗೆ ದೃಶ್ಯವನ್ನು ಮೇಲಕ್ಕೆ ತೋರಿಸಲು ಒಂದು ಕನ್ನಡಿ ಇತ್ತು. ಅದು ಏಳಲು ಇಳಿಯಲು ಎಡೆ ಬೇಕಾಗಿದ್ದುದರಿಂದಲೇ ಲೆನ್ಸು ಅಷ್ಟು ದೂರ ಕೂರುತ್ತಿತ್ತು. 2008ರಿಂದೀಚೆಗೆ ಕನ್ನಡಿಯಿಲ್ಲದ ಕ್ಯಾಮರಾಗಳು ಬಂದು ಆ ದೂರ ಕುಗ್ಗಿತು. ಸೋನಿಯ ಇಂಥ ಕ್ಯಾಮರಾದಲ್ಲಿ ಅದು 18 ಮಿಲಿಮೀಟರು, ನಿಕಾನಿನ ಜೆಡ್‌ನಲ್ಲಿ 16. ಉಳಿದ ಎಡೆಯಲ್ಲಿ ಬೇಕಾದ ಕಂಪನಿಯ ಉಂಗುರ ಕೂರುತ್ತದೆ. ಕನ್ನಡಿಯ ಕ್ಯಾಮರಾವನ್ನೇ ಇನ್ನೂ ನೆಚ್ಚಿಕೊಂಡವರಿಗೆ ಮಾತ್ರ ಹಳೆಯ ಪಾಡು ತಪ್ಪಿದ್ದಲ್ಲ. ಲೈಕಾಕ್ಕೂ ನಿಕಾನಿಗೂ ನಡುವಿನ ಅಂತರ ಅರ್ಧ ಮಿಲಿಮೀಟರು; ಅಷ್ಟರಲ್ಲಿ ಉಂಗುರವನ್ನು ತೂರಿಸುವುದು ಅಸಾಧ್ಯ. ಲೆನ್ಸಿನ ಹಿಂಬದಿಯ ಲೋಹದ ಕಟ್ಟನ್ನೇ ತಿರುಪು ಬಿಚ್ಚಿ ತೆಗೆದು, ನಿಕಾನಿನದನ್ನು ಹಾಕಬೇಕು. ಬಿಚ್ಚಿದ ಭಾಗಗಳನ್ನು ಎಸೆಯದೆ ಕಟ್ಟಿಡುವವನೇ ಜಾಣ.

ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1971ರಲ್ಲಿ, ಕಾಕನಕೋಟೆಯ ಕಾಡಿನಲ್ಲಿ ಕೊನೆಯ ಖೆಡ್ಡಾ ನಡೆದು, ಆನೆ ಹಿಡಿಯುವ ಆ ಭೀಕರ ವೈಭವ ಮುಗಿಯಿತು. ಈಗ ಬೇಸಗೆಯಲ್ಲಿ ಹಿನ್ನೀರು ಇಳಿದಂತೆಲ್ಲ ಅದರ ತಳದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಒಣಗಿದ ಕಾಡಿನಿಂದ ಆನೆಗಳು ಹಿಂಡುಹಿಂಡಾಗಿ ಇಳಿದು ಬರುತ್ತವೆ. ನೀರಾವರಿಗೆಂದು ಕಟ್ಟಿದ ಕೆರೆ ಆನೆಗಳ ಹುಲ್ಲುಗಾವಲಾದದ್ದನ್ನು ಕಟ್ಟಿದವರು ಎಣಿಸಿದ್ದರೋ ಇಲ್ಲವೋ. ದಡದ ಈ ದೃಶ್ಯಕ್ಕೆ ಲೈಕಾದ ಹಳೆಯ ಟೆಲಿಟ್, 400 ಮಿಲಿಮೀಟರಿನದು, ಚೆನ್ನಾಗಿ ಒಗ್ಗುತ್ತದೆ. ಅದನ್ನು ತಿರುಗಿಸಬೇಕಿಲ್ಲ, ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಜಾರಿಸಿ ದೃಶ್ಯವನ್ನು ಸ್ಪಷ್ಟಗೊಳಿಸುವ ಏರ್ಪಾಡು. ಕ್ಯಾಮರಾ ತಾನಾಗಿ ಏನನ್ನೂ ಮಾಡಿಕೊಡದು. ಬೆಳಕಿನ ಕಿಂಡಿಯನ್ನು ಬೆರಳಿನಿಂದಲೇ ತಿರುಗಿಸಬೇಕು. ಕೈನಡುಕವನ್ನು ಸರಿಪಡಿಸುವ ಸೌಲಭ್ಯ ಒಡಲಿನಲ್ಲಿದ್ದರೆ ಅದಕ್ಕೆ ಲೆನ್ಸಿನ ನಾಭಿದೂರವನ್ನು ಮೊದಲೇ ಹೇಳಿಕೊಡಬೇಕು. ಅನ್ಯ ಕಣ್ಣಿನ ಪರಿಚಯ ಒಡಲಿಗೆ ಇರುವುದಿಲ್ಲ.

ಮೇಯುವ ಆನೆ ಇಷ್ಟಕ್ಕೆಲ್ಲ ಕಾಯುತ್ತದೆ, ಹುಲಿ ಕಾಯುವುದಿಲ್ಲ. ಹಾದಿಯ ಒಂದು ಪೊದೆಯಿಂದ ಇನ್ನೊಂದಕ್ಕೆ ಅದು ದಾಟುವುದರಲ್ಲಿ ಕೊಳವೆ ಇನ್ನೂ ಅರ್ಧ ಜಾರಿರುತ್ತದೆ. ಹುಲಿಯ ಚಿತ್ರವೇ ಬೇಕೆನ್ನುವವರಿಗೆ ಹಳೆಯ ಲೆನ್ಸನ್ನು ಶಿಫಾರಸು ಮಾಡುವುದು ಪ್ರಾಮಾಣಿಕವಾಗದು.

ಹುಲಿಯ ಮಾತು ಈ ಸೀಮೆಯಲ್ಲಿ ಹಗುರವಾದುದೂ ಅಲ್ಲ. 2025ರಲ್ಲಿ ಸರಗೂರು, ಹೆಗ್ಗಡದೇವನಕೋಟೆಯ ಕಡೆ ಹುಲಿಯ ದಾಳಿಗೆ ರೈತರು ಬಲಿಯಾದರು, ಜನ ರೊಚ್ಚಿಗೆದ್ದರು, ಆ ನವೆಂಬರಿನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿತು. ನಗರದವನು ಸಾವಿರಾರು ರೂಪಾಯಿ ತೆತ್ತು ಗಾಜಿನ ಮೂಲಕ ಹತ್ತಿರ ತರಿಸಿಕೊಳ್ಳುವ ಪ್ರಾಣಿ, ದನ ಕಾಯುವವನಿಗೆ ಯಾವ ಗಾಜೂ ಇಲ್ಲದೆ ಹತ್ತಿರವಾಗುತ್ತದೆ. ಇಲ್ಲಿಗೆ ಹೋಗುವವರು ಹಳ್ಳಿಯ ಚಹದಂಗಡಿಯಲ್ಲಿ ಹುಲಿ ಕಂಡಿತೇ ಎಂದು ಉತ್ಸಾಹದಿಂದ ಕೇಳುವ ಮೊದಲು ಒಂದು ಕ್ಷಣ ತಡೆಯುವುದು ಒಳ್ಳೆಯದು.

ಸಂಜೆಯಾದಂತೆ ದಡದ ಬೆಳಕು ಬೇಗನೆ ಇಳಿಯುತ್ತದೆ. ಟೆಲಿಟ್ಟಿನ ಕಿಂಡಿ ಪೂರ್ತಿ ತೆರೆದರೂ ಎಫ್ 6.8ಕ್ಕಿಂತ ಅಗಲವಾಗದು, ಹೊಸ ಕ್ಯಾಮರಾಗಳ ಸೆನ್ಸರು ಮಂದ ಬೆಳಕಿನಲ್ಲೂ ಸಮರ್ಥವಾಗಿರುವುದರಿಂದ ಇನ್ನರ್ಧ ಗಂಟೆ ಕೆಲಸ ಸಾಗುತ್ತದೆ, ಅಷ್ಟೆ. ಅನಂತರದ ಕೆಲಸ ಕೋಣೆಯಲ್ಲಿ. ಈ ಸೀಮೆಯ ಮಳೆಗಾಲದ ತೇವ ಹಳೆಯ ಗಾಜಿಗೆ ಹಗೆ. ಜೇಡರ ಬಲೆಯಂಥ ಬೂಷ್ಟು ಒಳಗಿನಿಂದ ಹಬ್ಬಿ, ಕೊನೆಗೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಧೂಳು ಒರೆಸಿ, ಲೆನ್ಸಿನ ಎರಡೂ ಬಾಯಿಗೆ ಮುಚ್ಚಳ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದೊಡನೆ ಅದನ್ನು ಮಲಗಿಸಿದ ಮೇಲೆಯೇ ಊಟಕ್ಕೇಳಬೇಕು. ಮನೆಗೆ ಮರಳಿದ ಮೇಲೆ ತಿಂಗಳಿಗೊಮ್ಮೆಯಾದರೂ ಹೊರತೆಗೆದು ಬೆಳಕಿಗೆ ಹಿಡಿದು ನೋಡಬೇಕು.