ನಾನು ಬರೆಯದೆ ಉಳಿಸಿಕೊಂಡ ಸುದ್ದಿ

ನನ್ನ ಗೆಳೆಯನ ಪತ್ರಗಳಲ್ಲಿ ನೀರಿನ ಮಟ್ಟ ಕಾಣಿಸದ ಪತ್ರವೇ ಇರಲಿಲ್ಲ. ಮೇಲೆ ಬಲಕ್ಕೆ ತಾರೀಖು, ಅದರ ಕೆಳಗೆ ಲಿಂಗನಮಕ್ಕಿ ಜಲಾಶಯದ ಮಟ್ಟ, ಆಮೇಲೆ ಕ್ಷೇಮ ಸಮಾಚಾರ. ಜಲಾಶಯ ತುಂಬಿದಾಗಿನ ಮಟ್ಟ 1819 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ಅಂದಂದಿನ ಮಟ್ಟವನ್ನು ದಿನವೂ ಅಚ್ಚು ಹಾಕುತ್ತವೆ. ಜೋಗಕ್ಕೆ ಹೊರಟವರು, ಕರೆಂಟಿನ ಚಿಂತೆಯುಳ್ಳವರು ಅದನ್ನು ಓದುತ್ತಾರೆ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವನಾದ ಅವನು ಆ ಅಂಕಿಯಲ್ಲಿ ಓದುತ್ತಿದ್ದದ್ದು ಬೇರೆ. ಲಾಂಚು ದಡಕ್ಕೆ ಎಷ್ಟು ಹತ್ತಿರ ಬರುತ್ತದೆ, ಎಷ್ಟು ದೂರ ಕೆಸರು ತುಳಿಯಬೇಕು, ಜೀಪು ಬಸ್ಸು ಹತ್ತಿಸುತ್ತಾರೋ ಇಲ್ಲವೋ, ಎಲ್ಲವೂ ಅವನಿಗೆ ಅದರಿಂದಲೇ ತಿಳಿಯುತ್ತಿತ್ತು.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ನಾಡಿಗೆ ಬೆಳಕು ಬಂತು. ಸಾವಿರಾರು ಕುಟುಂಬಗಳು ಮನೆ, ತೋಟ, ಗದ್ದೆ, ದೇವರ ಬನಗಳನ್ನು ನೀರಿಗೆ ಬಿಟ್ಟು ಹೊರಟವು. ಮುಳುಗದೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಜನ ಹಿನ್ನೀರಿನ ಆಚೆ ದಡದಲ್ಲಿ ಉಳಿದರು. ತಾಲೂಕು ಕೇಂದ್ರ ಸಾಗರ ಈಚೆ ದಡದ ಕಡೆ. ಆಸ್ಪತ್ರೆ, ಕಚೇರಿ, ಕಾಲೇಜು, ಅಡಿಕೆ ಮಂಡಿ ಎಲ್ಲವೂ ಈಚೆಗೇ. ನಡುವೆ ನೀರು, ನೀರಿನ ಮೇಲೆ ಲಾಂಚು. ಸಂಜೆಯಾದರೆ ಅದೂ ನಿಲ್ಲುತ್ತಿತ್ತು.

ನಾನು ಸಾಗರ ಪೇಟೆಯವನು. ಅವನು ಕಾಲೇಜಿಗೆಂದು ಆಚೆಯಿಂದ ಬಂದು ಪೇಟೆಯಲ್ಲಿ ರೂಮು ಮಾಡಿಕೊಂಡಿದ್ದ. ಶನಿವಾರ ಊರಿಗೆ ಹೊರಟವನಿಗೆ ಕಡೆಯ ಲಾಂಚು ತಪ್ಪಿದರೆ ವಾಪಸು ನಮ್ಮನೆಗೆ ಬರುತ್ತಿದ್ದ. ಅಮ್ಮ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಿದ್ದಳು. ನಾವಿಬ್ಬರೂ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಅರ್ಧ ರಾತ್ರಿಯವರೆಗೆ ಮಾತಾಡುತ್ತಿದ್ದೆವು. ಲಾಂಚು ತಪ್ಪಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡದ್ದೂ ಉಂಟು. ಆ ರಾತ್ರಿಗಳಲ್ಲಿ ಆಚೆ ದಡದ ಮನೆಯಲ್ಲಿ ಅವನ ತಾಯಿ ಮಗ ಯಾಕೆ ಬರಲಿಲ್ಲವೆಂದು ತಿಳಿಯದೆ, ಫೋನೂ ಇಲ್ಲದೆ, ಬೆಳಗಿನ ಮೊದಲ ಲಾಂಚಿನವರೆಗೆ ಕಾಯುತ್ತಿದ್ದಳು. ಅದು ನನ್ನ ತಲೆಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ನನ್ನ ತಪ್ಪಿನ ಬೇರು ಅಲ್ಲೇ ಇತ್ತು ಎಂದು ಈಗ ಅನ್ನಿಸುತ್ತದೆ.

ಎಂಜಿನಿಯರಿಂಗ್ ಮುಗಿಸಿ ಕೆಲಸ ಹಿಡಿದು ನಾನು ಅಮೆರಿಕಕ್ಕೆ ಹೋದೆ. ಮಿಶಿಗನ್ ರಾಜ್ಯದ ಪಾಂಟಿಯಾಕ್ ಎಂಬ ಊರಿನ ಪಕ್ಕ ಮನೆಯಾಯಿತು. ಡೆಟ್ರಾಯಿಟ್‌ಗೆ ಹತ್ತಿರದ, ಕಾರು ಕಟ್ಟಿ ಬದುಕಿದ ಊರದು. ಅವನು ತೋಟ ನೋಡಿಕೊಂಡು ಊರಲ್ಲೇ ಉಳಿದ. ಮೊದಮೊದಲು ವಿಮಾನ ಅಂಚೆಯ ಪತ್ರ, ಆಮೇಲೆ ಪೇಟೆಯ ಸೈಬರ್ ಸೆಂಟರಿನಿಂದ ಈಮೇಲು, ಕಡೆಗೆ ಮೊಬೈಲಿನ ಸಂದೇಶ.

ಅವನು ಬರೆಯುತ್ತಿದ್ದದ್ದು ದೊಡ್ಡ ಸುದ್ದಿಗಳನ್ನಲ್ಲ. ತಾಳಗುಪ್ಪದವರೆಗಿನ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುತ್ತಿದ್ದಾರೆ. ಈ ಸಲ ಅಡಿಕೆಯ ಕೊಳೆರೋಗಕ್ಕೆ ಎರಡು ಸಲ ಬೋರ್ಡೋ ದ್ರಾವಣ ಹೊಡೆದರೂ ಕಾಯಿ ಉದುರಿತು. ಕೊನೆ ತೆಗೆಯಲು ಜನ ಸಿಗುತ್ತಿಲ್ಲ. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ, ಮುಚ್ಚುತ್ತಾರಂತೆ. ಸಿಗಂದೂರಿನ ದೇವಸ್ಥಾನಕ್ಕೆ ಬರುವ ಭಕ್ತರ ವಾಹನದ ಸಾಲಿನಲ್ಲಿ ನಮಗೇ ಲಾಂಚು ಸಿಗುವುದಿಲ್ಲ. ಮೂರು ವರ್ಷಕ್ಕೊಮ್ಮೆಯ ಮಾರಿಕಾಂಬಾ ಜಾತ್ರೆಗೆ ಈ ಸಲವಾದರೂ ಬಾ. ಬೇಸಿಗೆಯಲ್ಲಿ ನೀರು ಪೂರಾ ಇಳಿದು, ಲಿಂಗನಮಕ್ಕಿಗಿಂತ ಮೊದಲು ಕಟ್ಟಿ ಆಮೇಲೆ ಅದರ ನೀರಲ್ಲೇ ಮುಳುಗಿದ ಮಡೆನೂರು ಅಣೆಕಟ್ಟು ಎದ್ದು ಕಾಣುತ್ತಿದೆ, ಜನ ನೋಡಲು ಬರುತ್ತಿದ್ದಾರೆ.

ಇವುಗಳನ್ನು ನಾನು ಆಸೆಯಿಂದ ಓದುತ್ತಿದ್ದೆ. ಇಲ್ಲಿನ ಕನ್ನಡದ ಸ್ನೇಹಿತರ ಮುಂದೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ನಾ. ಡಿಸೋಜ ಅವರ ‘ದ್ವೀಪ’ವನ್ನು ನಾನು ಓದಿದ್ದೆ. ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದಾಗ ನೋಡಿ ಕಣ್ಣೀರು ಹಾಕಿದ್ದೆ. ಮುಳುಗಡೆಯ ಸಂಕಟ ನನಗೆ ಗೊತ್ತಿದೆ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿತ್ತು. ಪುಸ್ತಕದ ದ್ವೀಪಕ್ಕೆ ಅತ್ತವನು, ದ್ವೀಪದಿಂದಲೇ ಬರೆಯುತ್ತಿದ್ದ ಗೆಳೆಯನ ಪತ್ರವನ್ನು ಊರಿನ ನೆನಪು ತಣಿಸಿಕೊಳ್ಳಲು ಓದುತ್ತಿದ್ದೆ. ಕೊನೆ ತೆಗೆಯಲು ಜನವಿಲ್ಲ ಎಂದು ಬರೆದರೆ ಹಾಗಾದರೆ ನೀನೇನು ಮಾಡಿದೆ ಎಂದು ನಾನು ಕೇಳಲಿಲ್ಲ. ಕಾಯಿ ಉದುರಿತು ಎಂದರೆ ಸಾಲ ಎಷ್ಟಾಯಿತು ಎಂದು ಕೇಳಲಿಲ್ಲ. ಲಾಂಚಿನ ಫೋಟೋ ಕಳಿಸು, ಮಂಜು ಇರುವಾಗ ತೆಗಿ ಎಂದು ಕೇಳಿದೆ. ಅವನು ಕಳಿಸಿದ.

ನನ್ನ ಕಡೆಯಿಂದ ಹೋಗುತ್ತಿದ್ದದ್ದೇನು? ಮನೆ ಕೊಂಡದ್ದು, ಬಡ್ತಿ ಸಿಕ್ಕಿದ್ದು, ಮಗಳು ಬಹುಮಾನ ಗೆದ್ದದ್ದು. ಸಂತೋಷ ಹಂಚಿಕೊಳ್ಳುತ್ತಿದ್ದೇನೆಂದೇ ತಿಳಿದಿದ್ದೆ. 2009 ಬಂತು. ಏಪ್ರಿಲ್ ಕೊನೆಗೆ ಕ್ರೈಸ್ಲರ್, ಜೂನ್ ಮೊದಲ ದಿನ ಜನರಲ್ ಮೋಟಾರ್ಸ್ ದಿವಾಳಿಯ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋದವು. ಪಾಂಟಿಯಾಕ್ ಹೆಸರಿನ ಕಾರನ್ನೇ ಇನ್ನು ಮಾಡುವುದಿಲ್ಲ ಎಂದು ಜನರಲ್ ಮೋಟಾರ್ಸ್ ಸಾರಿತು. ಊರಿನ ಟ್ರಕ್ ಕಾರ್ಖಾನೆ ಆ ವರ್ಷವೇ ಬಾಗಿಲು ಹಾಕಿತು. ದೊಡ್ಡವರಿಗೆ ಬಿಡಿಭಾಗ ಮಾಡಿಕೊಡುವ ಕಂಪನಿಯಲ್ಲಿದ್ದ ನನ್ನ ಕೆಲಸವೂ ಹೋಯಿತು. ಬೀದಿಯಲ್ಲಿ ಒಂದಾದ ಮೇಲೊಂದು ಮನೆಯ ಮುಂದೆ ಬ್ಯಾಂಕಿನ ಹಲಗೆ ಬಿತ್ತು. ಹೆಂಡತಿಯ ಸಂಬಳದಲ್ಲಿ ಮನೆ ನಡೆಯಿತು. ನಾನು ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಿ ಹಾಕಿಕೊಂಡು ಊರಿನ ಗ್ರಂಥಾಲಯದಲ್ಲಿ ಕೂತು ಅರ್ಜಿ ಬರೆಯುತ್ತಿದ್ದೆ.

ಇದನ್ನು ಅವನಿಗೆ ತಿಳಿಸಲಿಲ್ಲ. ಆ ಚಳಿಗಾಲದಲ್ಲಿ ಅವನಿಗೆ ಹಿಮ ತುಂಬಿದ ಅಂಗಳದ ಫೋಟೋ ಕಳಿಸಿ, ಇಲ್ಲಿ ಎಲ್ಲ ಸೌಖ್ಯ ಎಂದು ಬರೆದೆ. ನಾಚಿಕೆ ಇತ್ತು, ಸಾಗರದಲ್ಲಿ ಅಪ್ಪ ಅಮ್ಮನ ಕಿವಿಗೆ ಬಿದ್ದೀತೆಂಬ ಭಯ ಇತ್ತು. ಇವೆರಡಕ್ಕಿಂತ ಒಳಗಿನದೊಂದಿತ್ತು. ಊರಲ್ಲಿ ಉಳಿದವನಿಗೆ ಕಷ್ಟ ಇರುತ್ತದೆ, ಊರು ಬಿಟ್ಟವನಿಗೆ ಇರಬಾರದು ಎಂಬ ಲೆಕ್ಕ. ಆ ಲೆಕ್ಕದಲ್ಲಿ ಅವನು ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿದ್ದ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೆ ನಿಜ ಇದೇ.

2018ರಲ್ಲಿ ಅವನಿಂದ ಎಂದಿಗಿಂತ ಉದ್ದವಾದ ಸಂದೇಶ ಬಂತು. ಅವನ ತಂದೆಗೆ ರಾತ್ರಿ ಊಟ ಮಾಡುವಾಗ ಬಲಗೈಯಿಂದ ತುತ್ತು ಜಾರಿತಂತೆ, ಮಾತು ತೊದಲಿತಂತೆ. ಲಾಂಚು ನಿಂತು ಎಷ್ಟೋ ಹೊತ್ತಾಗಿತ್ತು. ಜೀಪು ಹುಡುಕಿ, ಹಿನ್ನೀರನ್ನೆಲ್ಲ ಬಳಸಿ ಕಾಡಿನ ದಾರಿಯಲ್ಲಿ ಸುತ್ತಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿಗೆ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಮೀರಿತ್ತು. ಜೀವ ಉಳಿಯಿತು, ಬಲಭಾಗ ಉಳಿಯಲಿಲ್ಲ. ಸಂದೇಶದ ಕೊನೆಗೆ, ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆಗೆ ಶಂಕುಸ್ಥಾಪನೆ ಆಗಿದೆ, ನಮ್ಮ ಕಾಲದಲ್ಲಿ ಆದರೆ ಪುಣ್ಯ ಎಂದಿದ್ದ.

ನಾನು ಉತ್ತರ ಬರೆದೆ. ಅಪ್ಪಯ್ಯನನ್ನು ಚೆನ್ನಾಗಿ ನೋಡಿಕೋ ಎಂದು ಒಂದು ಸಾಲು. ಉಳಿದದ್ದೆಲ್ಲ ಸೇತುವೆಯ ಬಗ್ಗೆ. ಸೇತುವೆ ಬಂದರೆ ಲಾಂಚಿನ ಸೊಗಸು ಹೋಗುತ್ತದೆ, ರೆಸಾರ್ಟುಗಳು ಬರುತ್ತವೆ, ಲಾಂಚು ಹತ್ತುವ ನಮ್ಮ ಹೊಳೆಬಾಗಿಲು ಹೊಳೆಬಾಗಿಲಾಗಿ ಉಳಿಯುವುದಿಲ್ಲ, ನೀವೆಲ್ಲ ಸ್ವಲ್ಪ ಯೋಚಿಸಬೇಕಿತ್ತು ಎಂದು ಬರೆದೆ.

ಅದಕ್ಕೆ ಉತ್ತರ ಬರಲಿಲ್ಲ. ಆಚೆ ದಡದಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ, ಮರ ಹತ್ತಬೇಕು ಗುಡ್ಡ ಹತ್ತಬೇಕು ಎಂದು ಅವನೇ ಹೇಳುತ್ತಿದ್ದ. ಅದನ್ನೇ ಕಾರಣ ಮಾಡಿಕೊಂಡೆ. ಹಬ್ಬಕ್ಕೆ ಶುಭಾಶಯ ಕಳಿಸಿದರೆ ಅವನಿಂದ ಕೈಮುಗಿದ ಚಿತ್ರವೊಂದು ಬರುತ್ತಿತ್ತು. ನೀರಿನ ಮಟ್ಟ ಬರುವುದು ನಿಂತಿತ್ತು. ನಿಂತದ್ದು ನನ್ನ ಗಮನಕ್ಕೆ ಬಂದದ್ದೇ ತಡವಾಗಿ.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. 2 ಕಿಲೋಮೀಟರಿಗೂ ಹೆಚ್ಚು ಉದ್ದದ, ಕೇಬಲ್ಲಿನಲ್ಲಿ ತೂಗಿದ ಸೇತುವೆ. ಅದರ ವಿಡಿಯೋ ಊರವರೆಲ್ಲ ಕಳಿಸಿದರು, ಅವನೊಬ್ಬನನ್ನು ಬಿಟ್ಟು. ಧೈರ್ಯ ಮಾಡಿ ಫೋನ್ ಮಾಡಿದೆ. ತಂದೆ ಹೇಗಿದ್ದಾರೆ ಎಂದೆ. “ಹೋಗಿ ಮೂರು ವರ್ಷ ಆತು” ಎಂದ. ನನಗೆ ತಿಳಿದಿರಲಿಲ್ಲ. ಸೇತುವೆ ಬಗ್ಗೆ ನಾನು ಹಾಗೆ ಬರೆಯಬಾರದಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ್ದು ನಾನು ಎಣಿಸಿದ್ದಕ್ಕಿಂತ ಬೇರೆ ಮಾತು.

“ಅದಕ್ಕೆ ಬೇಜಾರಾಗಿದ್ದು ಹೌದು ಮಾರಾಯ, ಎರಡು ದಿನ. ಹೊರಗಿರೋರು ಹಾಂಗೇ ಹೇಳ್ತಾರೆ ಅಂತ ಬಿಟ್ಟೆ. ಆದ್ರೆ ನಿಂಗೆ ಕೆಲಸ ಹೋಗಿತ್ತಲ್ಲ, ಅದು ನಂಗೆ ಬೇರೆಯವ್ರಿಂದ ಗೊತ್ತಾತು. ನೀ ಹೇಳ್ತೀಯ ಅಂತ ಕಾದೆ. ಅಪ್ಪಯ್ಯಂಗೆ ಹುಷಾರಿಲ್ಲ ಅಂತ ಅಷ್ಟುದ್ದ ಬರೆದಾಗಲೂ, ಈಗಾದ್ರೂ ತನ್ನದೊಂದು ಹೇಳ್ತಾನೆ ಅಂತಿದ್ದೆ. ನಾ ನಿಂಗೆ ಎಲ್ಲಾ ಹೇಳೋದು, ನೀ ನಂಗೆ ಏನೂ ಹೇಳದೇ ಇರೋದು. ಎಷ್ಟು ದಿನ ಹಾಂಗೆ?”

ನನಗೆ ಉತ್ತರ ಇರಲಿಲ್ಲ. ಅಂದು ರಾತ್ರಿ ಹಳೆಯ ಪತ್ರಗಳನ್ನು ಇಟ್ಟಿದ್ದ ಪೆಟ್ಟಿಗೆ ತೆರೆದು ಮೊದಲಿನಿಂದ ಓದಿದೆ. ಹಳಿಯ ಸುದ್ದಿ, ಕೊಳೆಯ ಸುದ್ದಿ, ಶಾಲೆಯ ಸುದ್ದಿ. ಯಾವುದೂ ಬರಿಯ ಊರಿನ ಸುದ್ದಿಯಾಗಿರಲಿಲ್ಲ. ಶಾಲೆ ಮುಚ್ಚುತ್ತಾರಂತೆ ಎಂದು ಬರೆದ ವರ್ಷ ಅವನ ಮಗ ಎರಡನೇ ಕ್ಲಾಸು. ರೈಲು ನಿಂತ ಕಾಲದಲ್ಲಿ ಅವನ ತಂಗಿ ಶಿವಮೊಗ್ಗದಲ್ಲಿ ಓದುತ್ತಿದ್ದಳು. ನೀರಿನ ಮಟ್ಟ ಇಳಿದ ಪತ್ರಗಳಲ್ಲಿ ಅಕ್ಷರ ಅವಸರದ್ದು. ಮನೆಯ ಮಾತನ್ನು ಊರಿನ ಮಾತಾಗಿ ಹೇಳುವುದು ನಮ್ಮ ಮಲೆನಾಡಿನ ಗಂಡಸರ ಕ್ರಮ. ಅದೇ ನೆಲದಲ್ಲಿ ಬೆಳೆದ ನಾನು ಅದನ್ನು ಅರಿಯದೆ ಹೋದೆ.

ಊರು ಬಿಟ್ಟವರಿಗೆ ಊರು ಬದಲಾಗಬಾರದು ಎನ್ನಿಸುವುದು ಸಹಜ. ಮುಳುಗಡೆಯಾಗಿ ಎದ್ದುಹೋದವರು ಇಂದಿಗೂ ತಮ್ಮ ಹಳೆಯ ಊರಿನ ದಾರಿ, ಮರ, ಬಾವಿಗಳನ್ನು ಹೇಳುತ್ತಾರೆ. ಅವರಿಗೆ ಆ ಹಕ್ಕಿದೆ. ಅವರ ಊರನ್ನು ಅವರಿಂದ ಕಿತ್ತುಕೊಂಡರು. ನಾನು ನನ್ನಿಷ್ಟದಿಂದ ಹೋದವನು. ಲಾಂಚಿನಲ್ಲಿ ರಜೆಗೊಮ್ಮೆ ದಾಟುವವನು ಅದನ್ನು ಉಳಿಸಿ ಎಂದು ದಿನವೂ ದಾಟುವವನಿಗೆ ಹೇಳುವುದು ಅನ್ಯಾಯ. ಸೇತುವೆಯಿಂದ ಬರುವ ಕೇಡುಗಳ ಬಗ್ಗೆ ಮಾತಾಡಬಾರದೆಂದಲ್ಲ. ಅವನೂ ಈಗ ಆ ಮಾತಾಡುತ್ತಾನೆ. ಲಾಂಚು ಕಟ್ಟೆಯಲ್ಲಿ ಚಹಾ ಮಾರುತ್ತಿದ್ದವರ ವ್ಯಾಪಾರ ಬಿದ್ದಿದೆ, ಪ್ರವಾಸಿಗಳ ಕಾರು ಮಕ್ಕಳಿರುವ ಊರೊಳಗೆ ಬಿರುಸಾಗಿ ಹೋಗುತ್ತದೆ, ಜಾಗ ಕೇಳಿಕೊಂಡು ಬೆಂಗಳೂರಿನವರು ಬರುತ್ತಾರೆ. ಅದೇ ಉಸಿರಿನಲ್ಲಿ, ಪಕ್ಕದ ಮನೆಯ ಬಸುರಿಯನ್ನು ನಡುರಾತ್ರಿ ಸಾಗರಕ್ಕೆ ಕರೆದುಕೊಂಡು ಹೋದದ್ದನ್ನೂ ಹೇಳುತ್ತಾನೆ. ಎರಡನ್ನೂ ತೂಗುವ ಅಧಿಕಾರ ಅಲ್ಲಿ ಬದುಕುವವನದು. ಕೇಳುವುದು ನನ್ನ ಕೆಲಸ.

ಹೇಳುವುದೂ ನನ್ನ ಕೆಲಸ. ಈಗ ನಾನು ಪಾಂಟಿಯಾಕ್ ಬಗ್ಗೆ ಬರೆಯುತ್ತೇನೆ. 80 ಸಾವಿರ ಜನ ಹಿಡಿಸುತ್ತಿದ್ದ ಸಿಲ್ವರ್‌ಡೋಮ್ ಕ್ರೀಡಾಂಗಣ ಛಾವಣಿ ಹರಿದು ವರ್ಷಗಟ್ಟಲೆ ಹಾಳುಬಿದ್ದು, 2017ರ ಡಿಸೆಂಬರಿನಲ್ಲಿ ಕೆಡವಲು ಸ್ಫೋಟಕ ಇಟ್ಟರೂ ಮೊದಲ ಸಲಕ್ಕೆ ಬೀಳದೆ ನಿಂತದ್ದು, ಎದುರು ಮನೆಯ ಮುದುಕ ಕಾರ್ಖಾನೆಯ ಹಳೆಯ ಜಾಕೆಟ್ಟನ್ನು ಇಂದಿಗೂ ತೊಡುವುದು. ಇದರ ಜೊತೆಗೆ ನನ್ನ ರಕ್ತದೊತ್ತಡ, ಮಗಳ ಜೊತೆಗಿನ ಮನಸ್ತಾಪ, ಐವತ್ತು ದಾಟಿದವನಿಗೆ ಕೆಲಸ ಮತ್ತೆ ಹೋದೀತೆಂಬ ಭಯ. ಮೊದಲ ಪತ್ರಕ್ಕೆ ಅವನು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿ ಬರೆದ. ಕಾರ್ಖಾನೆ ನಿಂತಾಗ ಅಲ್ಲಿನ ಕೆಲಸದವರು ಎಲ್ಲಿಗೆ ಹೋದರು, ಸರ್ಕಾರ ಏನಾದರೂ ಕೊಟ್ಟಿತೇ, ಆ ದಿನಗಳಲ್ಲಿ ನೀನು ಮಧ್ಯಾಹ್ನ ಏನು ಊಟ ಮಾಡುತ್ತಿದ್ದೆ ಎಂದು ಕೇಳಿದ. ಇಂಥ ಪ್ರಶ್ನೆಗಳನ್ನು ನಾನು ಅವನಿಗೆ ಯಾವತ್ತೂ ಕೇಳಿರಲಿಲ್ಲ.

ಊರು ಬಿಟ್ಟ ನಮ್ಮಂಥವರಿಗೆ ಒಂದು ಮಾತನ್ನು ಹೇಳಬೇಕೆನ್ನಿಸುತ್ತದೆ. ಊರಲ್ಲಿ ಉಳಿದವನ ಬದುಕು ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದು. ಅವನ ಸಾಲ, ಕಾಯಿಲೆ, ಬೆಳೆ ಎಲ್ಲವೂ ಬಲ್ಲವರ ಬಾಯಿಂದ ನಮಗೆ ಹೇಗೋ ತಲುಪುತ್ತದೆ. ನಮ್ಮ ಮನೆಯ ಬಾಗಿಲೊಳಗೆ ಊರಿನ ಯಾರೂ ಇಣುಕಲಾರರು. ನಾವು ಹೇಳಿದಷ್ಟೇ ಅವರಿಗೆ ನಾವು. ಬಚ್ಚಿಡುವ ಅನುಕೂಲ ಇರುವುದು ನಮಗೊಬ್ಬರಿಗೇ. ಹಾಗಾಗಿ ಮೊದಲು ಬಾಯಿ ಬಿಡಬೇಕಾದವರೂ ನಾವೇ. ಮುಂದಿನ ಸಲ ಗೆಳೆಯನಿಗೆ ಊರಲ್ಲಿ ಏನು ಹೊಸದು ಎಂದು ಕೇಳುವ ಮೊದಲು ನಿಮ್ಮ ಮನೆಯ ಒಂದು ನಿಜವಾದ ಕಷ್ಟವನ್ನು ಅವನಿಗೆ ಹೇಳಿ. ಅದನ್ನು ಕೇಳಿದ ಮೇಲೆ ಅವನು ಹೇಳುವ ಊರಿನ ಸುದ್ದಿಯೇ ಬೇರೆಯಾಗಿರುತ್ತದೆ.