ಈಚಲು ಬೆಲ್ಲದ ಚಳಿಗಾಲ

ಚಳಿ ಬಿತ್ತೆಂದರೆ ದೆಹಲಿಯ ಚಿತ್ತರಂಜನ್ ಪಾರ್ಕ್ ಮಾರುಕಟ್ಟೆಗೆ ಬಂಗಾಳದ 'ನೊಲೆನ್ ಗುಡ್' ಬರುತ್ತದೆ. ನಮ್ಮೂರ ಹಳ್ಳದ ದಂಡೆಯ ಅದೇ ಈಚಲು ಮರದ ಬೆಲ್ಲ! ನಾವು ಆ ಮರವನ್ನು ಹೆಂಡಕ್ಕೆ, ಚಾಪೆಗೆ, ಪೊರಕೆಗೆ ಬಳಸಿದೆವು. ಬಂಗಾಳಿಗಳು ಅದರಿಂದ 'ಸಂದೇಶ್' ಎಂಬ ಸಿಹಿತಿಂಡಿ, ಪಾಯಸಗಳ ಒಂದು ಋತುವನ್ನೇ ಕಟ್ಟಿಕೊಂಡರು.

ಈ ಬೆಲ್ಲವನ್ನು ತಯಾರಿಸುವ ರೀತಿ ನನಗೆ ಬಹಳ ಇಷ್ಟ. ಮರ ಕಡಿಯುವುದಿಲ್ಲ, ತಲೆಯ ಹತ್ತಿರ ಕಾಂಡವನ್ನು ತೆಳ್ಳಗೆ ಕೆತ್ತಿ, ಸಂಜೆ ಮಡಕೆ ಕಟ್ಟಿ, ಬೆಳಗಿನ ಬಿಸಿಲೇರುವ ಮೊದಲೇ ಇಳಿಸುತ್ತಾರೆ. ತಡವಾದರೆ ರಸ ಹುಳಿಯುತ್ತದೆ. ಅದಕ್ಕೇ ಮಡಕೆಗೆ ಹೊಗೆ ಕೊಡುವುದು. ಕೆಲವು ದಿನ ಇಳಿಸಿದ ಮೇಲೆ ಗಾಯ ಒಣಗಲು ಮರಕ್ಕೆ ಬಿಡುವು. ಒಣ ಗರಿಗಳೇ ಒಲೆಗೆ ಸೌದೆ, ಉಳಿದವು ಚಾಪೆ, ಬುಟ್ಟಿ. ಬಿಸಾಡಲು ಏನೂ ಉಳಿಯುವುದಿಲ್ಲ.

ಆದರೆ ಒಂದು ಕಿಲೋ ಬೆಲ್ಲಕ್ಕೆ ಸುಮಾರು ಹತ್ತು ಲೀಟರ್ ರಸ ಕುದಿಯಬೇಕು. ಹಾಗಾಗಿ ಅಗ್ಗಕ್ಕೆ ಸಿಗುವ ಅಚ್ಚಿನಲ್ಲಿ ಸಕ್ಕರೆ ಬೆರೆತಿರುವುದು ಸಾಮಾನ್ಯ. ಹಾಗೆ ಬೆರೆಸಿದಾಗ ನಷ್ಟವಾಗುವುದು ಕೊಳ್ಳುವವರಿಗಷ್ಟೇ ಅಲ್ಲ, ನಸುಕಿನ ಚಳಿಯಲ್ಲಿ ಮರ ಹತ್ತಿದವನಿಗೂ. ದಯವಿಟ್ಟು ಚೌಕಾಸಿ ಮಾಡಬೇಡಿ. ಶುದ್ಧ ಬೆಲ್ಲವನ್ನೇ ಕೇಳಿ, ಅದರ ಬೆಲೆ ಕೊಡಿ.