ಬೆಂಕಿ ಆರಿದ ಉಗಿಬಂಡಿಗಳು

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಪಟ್ಟಣಗಳಿಗೆ ರೈಲು ಇಂದಿಗೂ ಬಂದಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ ಮಂಜೂರಾತಿ ದೊರೆತು ಕಾಲು ಶತಮಾನವೇ ಸಂದಿತು. ಯಲ್ಲಾಪುರದವರು ಇನ್ನೂ ಕಾಯುತ್ತಿದ್ದಾರೆ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಹತ್ತಿರದ ನಿಲ್ದಾಣವೆಂದರೆ ಸಾಗರ ತಾಲೂಕಿನ ತಾಳಗುಪ್ಪ. ಉಗಿಬಂಡಿಯ ನೆನಪನ್ನು ಅರಸುವ ನಮ್ಮ ಪಯಣವೂ ಅಲ್ಲಿಂದಲೇ ಹೊರಡಬೇಕಾಯಿತು.

ಮೈಸೂರು ಸಂಸ್ಥಾನದ ಕಾಲದಲ್ಲಿ ತಾಳಗುಪ್ಪಕ್ಕೆ ಬಂದದ್ದು ಮೀಟರ್ ಗೇಜ್ ಹಳಿ. ಉಗಿಬಂಡಿಯ ಕಾಲ ಮುಗಿದ ಮೇಲೆ ಅದೇ ಹಳಿಯ ಮೇಲೆ ರೈಲುಬಸ್ಸು ಓಡಿತು. 2011ರ ಹೊತ್ತಿಗೆ ಮಾರ್ಗವೆಲ್ಲ ಬ್ರಾಡ್ ಗೇಜಾಯಿತು. ಈಗ ಅಲ್ಲಿ ಹತ್ತಿದವರು ಇಳಿಯದೆ ಮೈಸೂರು ತಲುಪಬಹುದು.

ಮೈಸೂರು ನಿಲ್ದಾಣದ ಮಗ್ಗುಲಲ್ಲಿಯೇ 1979ರಲ್ಲಿ ಸ್ಥಾಪಿತವಾದ ರೈಲು ವಸ್ತು ಸಂಗ್ರಹಾಲಯವಿದೆ. ಮಹಾರಾಣಿಯವರ ಸಲೂನ್ ಬಂಡಿ, ಇಎಸ್ 506 ಎಂಬ ಎಂಜಿನ್ ಮೊದಲಾದವನ್ನು ಅಲ್ಲಿ ಕಾಣಬಹುದು. ಹುಬ್ಬಳ್ಳಿಯಲ್ಲಿಯೂ 2020ರಲ್ಲಿ ಇಂಥದೊಂದು ಸಂಗ್ರಹಾಲಯ ತೆರೆದಿರುವುದು ಯಲ್ಲಾಪುರದವರಿಗೆ ಅನುಕೂಲವೇ.

ಇವು ಮತ್ತೆ ಓಡಲಾರವೇ? ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು. ಓಡಿಸಿದ ನಿದರ್ಶನವುಂಟು. 1855ರ ಫೇರಿ ಕ್ವೀನ್ ದಶಕಗಳ ಕಾಲ ಪ್ರದರ್ಶನದ ವಸ್ತುವಾಗಿದ್ದು 1997ರಲ್ಲಿ ಪುನಃ ಹಳಿಗಿಳಿಯಿತು. ನೀಲಗಿರಿಯಲ್ಲಂತೂ ಮೀಟರ್ ಗೇಜಿನ ಉಗಿಬಂಡಿ ಇಂದಿಗೂ ಘಟ್ಟ ಹತ್ತುತ್ತದೆ. ತಿರುಚಿನಾಪಳ್ಳಿಯ ಪೊನ್ಮಲೈ ಕಾರ್ಯಾಗಾರದವರು ಈ ಶತಮಾನದಲ್ಲಿಯೂ ಅದಕ್ಕಾಗಿ ಹೊಸ ಎಂಜಿನ್‌ಗಳನ್ನು ಕಟ್ಟಿದ್ದಾರೆ. ಅಲ್ಲಿ ಹಳಿಯಿದೆ, ಷೆಡ್ಡಿದೆ, ಕೆಲಸ ಬಲ್ಲ ಕೈಗಳಿವೆ. ನಮ್ಮ ರಾಜ್ಯದ ಸ್ಥಿತಿ ಬೇರೆ. 1,000 ಮಿಲಿಮೀಟರ್ ಅಗಲದ ಹಳಿಗಾಗಿ ಹುಟ್ಟಿದ ಎಂಜಿನ್ನು 1,676 ಮಿಲಿಮೀಟರಿನ ಹಳಿಯ ಮೇಲೆ ಓಡುವುದೆಂತು? ಎಂಜಿನ್ನಿಗೆ ಜೀವ ಬಂದರೂ ಅದರ ದಾರಿ ಮರಳಿ ಬಾರದು.

ದೇಹದ ತೊಂದರೆ ಬೇರೆ. ಉಗಿಬಂಡಿಯ ಪ್ರಾಣವಿರುವುದು ಬಾಯ್ಲರಿನಲ್ಲಿ. ಅದರೊಳಗಿನ ಕೊಳವೆಗಳು ತುಕ್ಕು ಹಿಡಿದು ಸವೆದಿದ್ದರೆ ಒತ್ತಡದ ಉಗಿಯನ್ನು ತಡೆಯಲಾರವು. ಕೊಳವೆಗಳನ್ನು ಬದಲಿಸಿ, ಒಲೆಗೂಡಿನ ಗೋಡೆಯ ದಪ್ಪವನ್ನು ಅಳೆದು, ನೀರು ತುಂಬಿ ಒತ್ತಡದ ಪರೀಕ್ಷೆ ಮಾಡಿದ ಹೊರತು ಬೆಂಕಿ ಹಾಕುವಂತಿಲ್ಲ. ಹೊರಗಿನ ತಗಡಿನ ಹೊದಿಕೆಯೊಳಗೆ ಇಳಿದ ಮಳೆನೀರು ಆರದೆ ನಿಂತು ಉಕ್ಕನ್ನು ತಿನ್ನುತ್ತದೆ. ಮೇಲೆ ಕಪ್ಪು ಬಣ್ಣ ಮಿರಮಿರನೆ ಮಿಂಚುತ್ತಿರುತ್ತದೆ! ವರ್ಷಕ್ಕೊಮ್ಮೆ ಬಣ್ಣ ಬಳಿಯುವುದನ್ನೇ ಜೀರ್ಣೋದ್ಧಾರವೆಂದು ಕರೆಯುವ ರೂಢಿಯನ್ನು ನಾವು ಒಪ್ಪಲಾರೆವು.

ನಮ್ಮ ಸೀಮೆಯವರಿಗೆ ಮಳೆಯ ಸ್ವಭಾವವನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲಕ್ಕೆ ಮುನ್ನ ಮನೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವವರು ನಾವು. ವರ್ಷಕ್ಕೊಮ್ಮೆ ಎಳೆಯುವ ತೇರಿಗೂ ತಗಡಿನ ಮನೆ ಮಾಡುತ್ತೇವೆ. ನಾಡಿನ ಎಷ್ಟೋ ಕಡೆ ನಿಲ್ದಾಣಗಳ ಮುಂದೆ, ಉದ್ಯಾನಗಳಲ್ಲಿ ನಿಲ್ಲಿಸಿದ ಎಂಜಿನ್‌ಗಳಿಗೆ ಅಷ್ಟೂ ಇಲ್ಲ. ಮೇಲೊಂದು ಮಾಡು, ಕೀಲುಗಳಿಗೆ ಎಣ್ಣೆ, ಹಿತ್ತಾಳೆಯ ಭಾಗಗಳಿಗೆ ಕಳ್ಳರಿಂದ ಕಾವಲು: ಇಷ್ಟಾದರೆ ಓಡದಿದ್ದರೂ ಅವು ಉಳಿದಾವು. ಚಿತ್ತರಂಜನದ ಕಾರ್ಖಾನೆ ಉಗಿಬಂಡಿ ತಯಾರಿಕೆಯನ್ನು 1972ರಲ್ಲಿಯೇ ನಿಲ್ಲಿಸಿತು. ಹಾಳಾದದ್ದಕ್ಕೆ ಬದಲಿ ತರಲು ಅಂಗಡಿಯಿಲ್ಲ.

ರಜೆಯಲ್ಲಿ ಮಕ್ಕಳೊಂದಿಗೆ ಮೈಸೂರಿಗೋ ಹುಬ್ಬಳ್ಳಿಗೋ ಹೋಗುವ ಬಂಧುಗಳು ಎಂಜಿನ್ನಿನ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಕೊಂಚ ಬಾಗಿ ಅದರ ಹೊಟ್ಟೆಯ ಕೆಳಭಾಗವನ್ನೂ ನೋಡಬೇಕು. ತುಕ್ಕು ಮೊದಲು ಕಾಣುವುದು ಅಲ್ಲಿ.